ಮಗಳ ತಲೆಯಡಿಯ ಹಾಳೆ

ಕಾಂದಿವಲಿಯಿಂದ ಬಾಂದ್ರಾದ ಆಸ್ಪತ್ರೆಗೆ ಲೋಕಲ್ ರೈಲಿನಲ್ಲಿ ಬರುವಷ್ಟರಲ್ಲಿ ನನ್ನ ನಾಲಿಗೆ ಒಣಗಿಹೋಗಿತ್ತು. ಒಂಬತ್ತು ವರ್ಷದ ಮಗಳಿಗೆ ಬಿಡದ ತಲೆನೋವು, ಬೆಳಗೆದ್ದರೆ ವಾಂತಿ. ತಲೆಯೊಳಗೆ ಗಡ್ಡೆ ಇದೆಯೋ ನೋಡಬೇಕು ಎಂದಿದ್ದರು ಡಾಕ್ಟರು. ಆ ಶಬ್ದ ಕಿವಿಗೆ ಬಿದ್ದಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಮೊದಲ ಸಲದ ಎಂ.ಆರ್.ಐ. ಹಾಳಾಗಿತ್ತು. ಅಷ್ಟು ಹೊತ್ತು ಅಲುಗಾಡದೆ ಮಲಗಲು ಅವಳಿಂದ ಆಗಲಿಲ್ಲ. ಇನ್ನು ಅರಿವಳಿಕೆ ಕೊಡಬೇಕು, ಇಲ್ಲವೇ ತಲೆಯಡಿಗೆ ಹೊಸದಾಗಿ ಬಂದ ಒಂದು ಹಾಳೆ ಇಟ್ಟು ಸ್ಕ್ಯಾನ್ ಬೇಗ ಮುಗಿಸಬೇಕು ಎಂದರು ಡಾಕ್ಟರು. ಹಾಳೆಯೇ ಆಗಲಿ ಎಂದರು ನನ್ನ ಗಂಡ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದಿನವಿಡೀ ಬಾಯಿ ಮಾಡುವ ಮನುಷ್ಯ ಅದನ್ನು ಹೇಳಿದ್ದು ಪಿಸುದನಿಯಲ್ಲಿ.

ಮಗಳ ಜೊತೆ ಒಳಗೆ ಹೋಗಬೇಕಾದರೆ ನಾನು ಮೈಮೇಲಿನ ಲೋಹವನ್ನೆಲ್ಲ ಬಿಚ್ಚಬೇಕಿತ್ತು. ಕರಿಮಣಿಯನ್ನೂ! ಮದುವೆಯಾದ ಮೇಲೆ ಒಮ್ಮೆಯೂ ತೆಗೆದದ್ದಲ್ಲ. ನೂಲಿಗೆ ಅರಿಶಿನ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡು, ಕರಿಮಣಿಯನ್ನು ಗಂಡನ ಕೈಗೆ ಕೊಟ್ಟೆ. ಮಗಳನ್ನು ಉಳಿಸಲು ಹೋಗಿ ಇವರಿಗೆ ಏನಾದರೂ ಆದರೆ ಎಂದು ನೂಲಿನ ಗಂಟನ್ನು ಇನ್ನೊಮ್ಮೆ ಬಿಗಿದೆ.

ಮೆಷಿನ್ ನಡೆಸುವವರು ಬಿಜಾಪುರದ ಕಡೆಯವರು. ದೋಸೆಯಷ್ಟೂ ದಪ್ಪವಿಲ್ಲದ ಹಾಳೆಯೊಂದನ್ನು ತಂದು ಮಗಳ ತಲೆಯ ಕೆಳಗೆ ಹಾಸಿದರು. ಅದರ ತುಂಬ ರಂಗೋಲಿಯಂತೆ ಸಣ್ಣ ಸಣ್ಣ ತಾಮ್ರದ ಗೆರೆಗಳು. ನನಗೆ ಪಿತ್ತ ನೆತ್ತಿಗೇರಿತು.

"ಎಂತ ಮಾರಾಯ್ರೆ ಇದು? ನನ್ನ ಕರಿಮಣಿ ಆಗುದಿಲ್ಲ, ಮಗುವಿನ ತಲೆ ಅಡಿಗೆ ತಾಮ್ರ ಆಗ್ತದಾ? ಸುಟ್ಟರೆ?"

"ಹೆದರಬ್ಯಾಡ್ರಿ ಅಕ್ಕಾರ. ಈ ಮೆಷಿನ್ನಿನ ರೇಡಿಯೋ ಅಲೆಗಂತನ ಅಳತಿ ಮಾಡಿ ಹಾಕಿದ ಗೆರಿ ಇವು. ಅಲೆನ್ನ ತಲಿ ಕಡೆ ಒಟ್ಟು ಮಾಡತಾವ. ಫೋಟೋ ಲಗೂನ ಬರತೈತಿ, ಚಲೋನೂ ಬರತೈತಿ. ಸುಡಂಗಿಲ್ರಿ, ಪರೀಕ್ಷಾ ಮಾಡೇ ತಂದಾರ."

ಮೆಷಿನ್ ಡಬಡಬ ಬಡಿಯತೊಡಗಿತು. ಮಗಳು ಹೆದರಬಾರದೆಂದು ನಾನು ಅವಳ ಪಾದ ಹಿಡಿದುಕೊಂಡೆ. ಅರ್ಧಕ್ಕೇ ಸದ್ದು ನಿಂತು, ಸ್ಪೀಕರಿನಲ್ಲಿ ಅವರ ದನಿ ಬಂತು.

"ಅಕ್ಕಾರ, ಕೂಸು ಗಟ್ಟ್ಯಾಗೇ ಮಲಗೈತಿ. ನಡುಗಾಕತ್ತಿದ್ದು ನೀವು. ಕಾಲು ಬಿಡ್ರಿ."

ಬಿಡಬೇಕಲ್ಲ! ಅಯ್ಯೋ, ಆ ಪುಟ್ಟ ಪಾದ ಬಿಡುವಾಗ ಆದ ಹೆದರಿಕೆ ಯಾವ ವೈರಿಗೂ ಬೇಡ. ಗೋಡೆಗೆ ಒರಗಿ, ಅರಿಶಿನ ಕೊಂಬು ಹಿಡಿದು, ದೇವರೇ ದೇವರೇ ಎನ್ನುತ್ತಾ ನಿಂತೆ. ಮೆಷಿನ್ ಮತ್ತೆ ಬಡಿಯಿತು.

ಹೊರಗೆಳೆದಾಗ ಮಗಳು ಕೇಳಿದಳು: "ಅಮ್ಮಾ, ಕಾಲು ಯಾಕೆ ಬಿಟ್ಟದ್ದು? ಮೈಂ ತೋ ಹಿಲೀ ಭೀ ನಹೀಂ!"

ಅಲುಗಾಡಿರಲಿಲ್ಲ, ಪಾಪ. ಅವಳ ಎರಡೂ ಪಾದಗಳನ್ನು ಮತ್ತೆ ಹಿಡಿದುಕೊಂಡೆ.

ನಾನು ಹೊರಗೆ ಹೋಗುವ ಮೊದಲೇ ಡಾಕ್ಟರು ಕರೆದರು. ಚಿತ್ರ ಸ್ಪಷ್ಟವಾಗಿ ಬಂದಿದೆ, ಗಡ್ಡೆ ಇಲ್ಲ, ಇದು ಮೈಗ್ರೇನ್, ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ ಎಂದರು. ಕಾರಿಡಾರಿಗೆ ಓಡಿಬಂದು ಗಂಡನಿಗೆ ಹೇಳಿ, ಕರಿಮಣಿ ಕೊಡಿ ಎಂದೆ. ಅವರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಅದು ಅವರ ಕೊರಳಲ್ಲಿತ್ತು.

"ಇದೆಂತದ್ದು?"

"ಕೈಯಲ್ಲಿ ಹಿಡಿಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ಕೈ ನಡುಗ್ತಾ ಇತ್ತು."