ತಗಡಿನ ಮೇಸ್ತ್ರಿಗೆ ಬಿದ್ದ ಬಹಿಷ್ಕಾರ

ತಗಡಿನ ಮೇಸ್ತ್ರಿ ಪಿಸುಗುಟ್ಟಿದರೆ ನಾಲ್ಕು ಮನೆ ಆಚೆ ಮಲಗಿದ ಮಗು ಎದ್ದು ಕೂರುತ್ತಿತ್ತು. ನಲವತ್ತು ವರ್ಷ ಡಬ್ಬ, ಬಕೆಟ್ಟು ಬಡಿಯುತ್ತ, ಸುತ್ತಿಗೆಯನ್ನು ಮೀರಿ ಮಾತಾಡಿದ ಗಂಟಲು ಅದು. ಪಕ್ಕದಲ್ಲೇ ತಗಡು ಹಿಡಿದು ಕೂರುತ್ತಿದ್ದ ಹೆಂಡತಿಯ ಎರಡೂ ಕಿವಿ ಆ ಬಡಿತಕ್ಕೇ ಮಂದವಾದವು. ಪಾಪ ತನ್ನದೇ ಎಂದು ಮೇಸ್ತ್ರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಬದಲಿಗೆ ಪ್ರತಿ ಭಾನುವಾರ ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗವನ್ನೆಲ್ಲ ಅವಳ ಕಿವಿಗೆ ಒಪ್ಪಿಸುತ್ತಿದ್ದ.

ಒಪ್ಪಿಸಲಿ ಬಿಡಿ, ಪುಣ್ಯದ ಕೆಲಸ. ಆದರೆ ಈ ಮಹಾರಾಯ ಉಪ್ಪು ಖಾರ ಹಚ್ಚದೆ ಏನನ್ನಾದರೂ ಹೇಳಿದ್ದುಂಟೇ? ಒಂದು ಭಾನುವಾರ ನೆರೆಯವರ ತಪ್ಪನ್ನು ಕ್ಷಮಿಸಿ ಎಂದು ಪಾದ್ರಿಗಳು ಕಣ್ಣು ಮುಚ್ಚಿ ನುಡಿದರೆ, ಹಿಂದಿನ ಬೆಂಚಿನಿಂದ, "ಎದುರು ಮನೆಯೋಳು ನಮ್ಮ ಏಣಿ ವಾಪಸ್ ಕೊಡದಿದ್ರೂ ಬಯ್ಯಬಾರದಂತೆ ಕಣೇ! ಮನಸ್ಸಲ್ಲೇ ಬಯ್ಕೋಬೇಕಂತೆ!"

ಚರ್ಚಿಗೆ ಚರ್ಚೇ ಬಿದ್ದು ಬಿದ್ದು ನಕ್ಕಿತು, ಎದುರು ಮನೆಯವಳೊಬ್ಬಳನ್ನು ಬಿಟ್ಟು. ಪಾದ್ರಿಗಳ ಪಿತ್ತ ನೆತ್ತಿಗೇರಿತು. "ಸಾಕು! ನಿನ್ನನ್ನ ಸಭೆಯಿಂದ ಹೊರಗೆ ಹಾಕಿದ್ದೀನಿ. ಈ ಹೊಸ್ತಿಲು ತುಳೀಬೇಡ!"

ಬಹಿಷ್ಕಾರವೆಂದರೆ ಏನು ಮಾಡಬೇಕೆಂದು ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ವಾರ ಬಕೆಟ್ಟು ತಂದವರು ಮುಖ ತಿರುಗಿಸಿಕೊಂಡೇ ಕೊಟ್ಟು ಹೋದರು. ತೂತಂತೂ ಮುಚ್ಚಬೇಕಲ್ಲ.

ಮುಂದಿನ ಭಾನುವಾರ ಹೆಂಡತಿಯನ್ನು ಒಳಗೆ ಕಳಿಸಿ ಮೇಸ್ತ್ರಿ ಕಿಟಕಿಯ ಹೊರಗೆ ನಿಂತ. ಅವಳು ಪಾದ್ರಿಗಳ ತುಟಿಯನ್ನೇ ನೋಡುತ್ತ ಪಿಳಿಪಿಳಿ ಕಣ್ಣುಬಿಡುತ್ತಿದ್ದಳು. ಅವನಿಗೆ ಕರುಳು ಕಿತ್ತು ಬಂತು. ಕಿಟಕಿಗೆ ಬಾಯಿಟ್ಟು ಶುರು ಮಾಡಿಯೇಬಿಟ್ಟ.

"ನಿನ್ನನ್ನ ಹೊರಗೆ ಹಾಕಿದ್ನಲ್ಲ!" ಪಾದ್ರಿಗಳು ಕೂಗಿದರು.

"ಹೊರಗೇ ಇದ್ದೀನಲ್ಲ ಫಾದರ್!"

"ನಿನ್ನ ಗಂಟಲು ಒಳಗಿದೆ!"

"ಗಂಟಲಿಗೆ ಬಹಿಷ್ಕಾರ ಹಾಕಿರ್ಲಿಲ್ಲವಲ್ಲ!"

ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಸೆಖೆಗೆ ಜನ ಬೆಂದುಹೋದರು. ಆಗ ಹೆಂಡತಿ ಎದ್ದು ನಿಂತಳು.

"ಫಾದರ್, ನೀವು ತುಟಿ ಅಲ್ಲಾಡಿಸೋದು ಕಾಣ್ಸುತ್ತೆ, ಅಷ್ಟೇ. ಇಷ್ಟು ವರ್ಷ ದೇವರ ಮಾತು ಅಂತ ನಾನು ಕೇಳಿದ್ದು ಇವರ ಬಾಯಲ್ಲೇ. ಇವರು ಹೊರಗಾದ್ರೆ ನಾನೂ ಹೊರಗೇ."

ಹೇಳಿದವಳೇ ದುಡುದುಡು ನಡೆದು ಬಾಗಿಲಿಗೆ ಬಂದಳು. ಪಾದ್ರಿಗಳು ಗಾಬರಿಯಾಗಿ ಹಿಂದೆಯೇ ಓಡಿಬಂದರು. ಮೇಸ್ತ್ರಿ ಹೊಸ್ತಿಲಾಚೆ ನಿಂತಿದ್ದ. ಜನ್ಮದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ: "ನಿನ್ನ ಕಿವಿ ಹಾಳು ಮಾಡಿದ್ದು ನಾನೇ ಕಣೇ. ತಪ್ಪಾಯ್ತು."

"ಏನಂದ್ರಿ? ಜೋರಾಗಿ ಹೇಳಿ!"

ಪಾದ್ರಿಗಳಿಗೆ ಮಾತ್ರ ಅದು ಸರಿಯಾಗಿ ಕೇಳಿಸಿತ್ತು. ಅವರು ಮೂಗು ಒರೆಸಿಕೊಂಡು ಪಕ್ಕಕ್ಕೆ ಸರಿದರು.

"ಒಳಗೆ ಬಾರಪ್ಪ," ಎಂದರು. "ನಿನ್ನ ಹೆಂಡತಿ ಕಿವಿಯಲ್ಲೇ ಹೇಳು. ಜೋರಾಗೇ ಹೇಳು, ನಾವು ಸುಮ್ಮನಿರ್ತೀವಿ."