ಜಯಶೀಲಾಳ ಮೈಯಳತೆಯ ಬಂದೂಕು

ಎರಿನ್ ಮಿಲ್ಸ್‌ನ ಮಾಲ್‌ಗೆ ಹೋಗುವ ದಾರಿಯಲ್ಲಿ ಬಟ್ಟೆ ರಿಪೇರಿಯ ಒಂದು ಸಣ್ಣ ಅಂಗಡಿಯಿದೆ. ಅಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು, ಗದಗಿನಿಂದ ಕಡಲು ದಾಟಿ ಬಂದ ಜಯಶೀಲಾ ಇಪ್ಪತ್ತೆರಡು ವರ್ಷಗಳಿಂದ ಊರವರ ಪ್ಯಾಂಟುಗಳನ್ನು ಗಿಡ್ಡ ಮಾಡುತ್ತಿದ್ದಾಳೆ. ಅವಳೂ ಗಿಡ್ಡಿಯೇ. ನಾಲ್ಕು ಅಡಿ ಹತ್ತೂವರೆ ಇಂಚು. ಆ ಅರ್ಧ ಇಂಚನ್ನು ಯಾರಾದರೂ ಬಿಟ್ಟು ಹೇಳಿದರೆ ಸುಮ್ಮನಿರುವವಳಲ್ಲ.

ಇಂಥವಳು ಬಂದೂಕು ಹಿಡಿದದ್ದು ಐವತ್ನಾಲ್ಕನೆಯ ವಯಸ್ಸಿನಲ್ಲಿ. ಪಕ್ಕದ ಮನೆಯ ಚಂದ್ರಹಾಸ, ಕುಂದಾಪುರದ ಕಡೆಯವನು, ಗುರಿಯಾಟಕ್ಕೆ ಹಾಕುವ ತನ್ನ ಕೋಟಿನ ಭುಜ ಬಿಗಿ ಮಾಡಿಸಲು ಅಂಗಡಿಗೆ ಬಂದಿದ್ದ. ಅವಳು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದ್ದು ನೋಡಿ, “ನಿಮ್ಮ ಕಣ್ಣು ಎಂತ ಕಣ್ಣು ಮಾರಾಯ್ರೆ! ಒಮ್ಮೆ ಕ್ಲಬ್ಬಿಗೆ ಬನ್ನಿ” ಎಂದ. ಹೋದಳು. ತರಗತಿಗೆ ಕೂತಳು, ಪರೀಕ್ಷೆ ಬರೆದಳು, ಲೈಸೆನ್ಸು ತೆಗೆದುಕೊಂಡಳು. ಗಂಡ ಬಸವಂತಪ್ಪನಿಗೆ ಇದೆಲ್ಲ ಗೊತ್ತಾದದ್ದು ಲೈಸೆನ್ಸು ಅಂಚೆಯಲ್ಲಿ ಬಂದಾಗಲೇ.

ಜಾರ್ಜ್‌ಟೌನ್ ದಾಟಿದ ಮೇಲೆ ಹೊಲಗಳ ನಡುವೆ ಆ ಕ್ಲಬ್ಬಿದೆ. ಅಲ್ಲಿಯ ಆಟ ಸರಳ. ಹತ್ತರಿಂದ ಇಪ್ಪತ್ತೈದು ಮೀಟರ್ ದೂರದಲ್ಲಿ ಐದು ಕಬ್ಬಿಣದ ತಟ್ಟೆಗಳು. ಗಂಟೆ ಬಾರಿಸಿದ ಕೂಡಲೇ ಐದಕ್ಕೂ ಹೊಡೆಯಬೇಕು. ಇಂಥವು ಐದು ಸುತ್ತು. ಎಲ್ಲ ಸುತ್ತಿನ ಸಮಯ ಕೂಡಿ ಮೂವತ್ತು ಸೆಕೆಂಡಿನೊಳಗೆ ಬಂದರೆ ಹೆಂಗಸರ ತಂಡಕ್ಕೆ ಸೇರಬಹುದು. ಒಂದು ತಟ್ಟೆ ಬಿಟ್ಟರೆ ಮೂರು ಸೆಕೆಂಡಿನ ದಂಡ. ಚಂದ್ರಹಾಸನ ಬಂದೂಕನ್ನು ಎರವಲು ಪಡೆದು ಜಯಶೀಲಾ ಎರಡು ವರ್ಷ ಪ್ರಯತ್ನಿಸಿದ್ದಳು. ಮೊದಲ ವರ್ಷ ಮೂವತ್ತೊಂದೂವರೆ, ಹೋದ ವರ್ಷ ಮೂವತ್ತು ಪಾಯಿಂಟ್ ಎಂಟು. ಈ ವರ್ಷ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಕೊನೆಯ ಪರೀಕ್ಷೆ ಅಕ್ಟೋಬರಿನ ಮೊದಲ ಭಾನುವಾರ.

ತಪ್ಪು ತನ್ನ ಕೈಯದಲ್ಲ, ಬಂದೂಕಿನ ಉದ್ದದ್ದು ಎಂದು ಅವಳಿಗೆ ಗೊತ್ತಿತ್ತು. ಆರಡಿ ಗಂಡಸಿಗೆ ಮಾಡಿದ ಅಂಗಿಯನ್ನು ತೋಳು ಮಡಚಿ ಎಷ್ಟು ದಿನ ಹಾಕುವುದು? ಬೇಸಿಗೆಯಲ್ಲಿ ಸಣ್ಣ ಗುಂಡಿನ ಒಂದು ಗಿಡ್ಡ ಬಂದೂಕು ಕೊಂಡಳು. ಕೊಂಡದ್ದೇ ತಡ, ಸಲಹೆ ಕೊಡುವವರು ಸಾಲುಗಟ್ಟಿದರು.

“ಲೇ ಜಯಾ, ದುರ್ಬೀನ ಹಚ್ಚಿಸು. ದೊಡ್ಡದ ಹಚ್ಚಿಸು” ಎಂದ ಬಸವಂತಪ್ಪ. “ನಮ್ಮ ಬಂದೂಕ ಅಂದ್ರ ನಾಕ ಮಂದಿ ತಿರುಗಿ ನೋಡಬೇಕು.”

“ಹತ್ತ ಮೀಟರಿನ ತಟ್ಟಿ ನೋಡಾಕ ದುರ್ಬೀನ ಯಾಕ್ರಿ? ಎದುರಮನಿ ಬಾಗಲಾ ನೋಡಾಕ ಯಾರರ ದುರ್ಬೀನ ಹಿಡಿತಾರೇನು?”

ಚಂದ್ರಹಾಸ ಒಂದು ಚೀಲವನ್ನೇ ಹೊತ್ತು ತಂದ. “ಇದೊಂದು ಟಾರ್ಚ್ ಹಾಕುವ. ಮಡಚುವ ಕಾಲು ಸಹ ಉಂಟು, ನನ್ನತ್ರ ಸುಮ್ನೆ ಬಿದ್ಕೊಂಡಿದೆ.”

“ಹಾಡುಹಗಲ ಟಾರ್ಚ್ ಯಾಕ್ರಿ? ನಿಂತ ಹೊಡಿಯೂ ಆಟಕ್ಕ ಕಾಲ ಯಾಕ?”

“ಇರ್ಲಿ ಅಂತ, ಮಾರಾಯ್ರೆ.”

“ಇರ್ಲಿ ಇರ್ಲಿ ಅಂತ ಹಚಗೊಂತ ಹೋದ್ರ ಇದು ಬಂದೂಕ ಆಗೂದಿಲ್ರಿ, ನಮ್ಮ ಮನಿಯವರ ಗರಾಜ್ ಆಗತೈತಿ!”

ಬಸವಂತಪ್ಪ ಚಹಾದ ಬಟ್ಟಲು ಎತ್ತಿಕೊಂಡು ಗರಾಜಿನ ಕಡೆ ನಡೆದ.

ಅವಳು ತನ್ನ ಕಸುಬಿನ ರೀತಿಯಲ್ಲೇ ಕೆಲಸಕ್ಕೆ ಕೂತಳು. ಮೊದಲು ಬಂದೂಕು ಖಾಲಿಯಿದೆಯೇ ಎಂದು ಎರಡು ಸಲ ನೋಡಿದಳು. ಆಟದ ದಿನ ಹಾಕುವ ಜಾಕೀಟನ್ನೇ ಹಾಕಿಕೊಂಡಳು. ಬರಿ ಅಂಗಿಯ ಮೇಲೆ ಅಳತೆ ತೆಗೆದು ಆಮೇಲೆ ಜಾಕೀಟು ಹಾಕಿದರೆ ಅಳತೆ ಕೆಟ್ಟಂತೆಯೇ. ಬಂದೂಕಿನ ಹಿಂಬದಿಯ ಮರವನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳು ಬಂದೂಕಿನ ಕುದುರೆಯ, ಅಂದರೆ ಟ್ರಿಗರಿನ, ಹತ್ತಿರ ಸಲೀಸಾಗಿ ಬರಬೇಕು. ಎರಡು ಬೆರಳಿನ ಅಗಲದಷ್ಟು ಹಿಂದೆಯೇ ಉಳಿಯಿತು. ಮರದ ಮೇಲೆ ದರ್ಜಿಯ ಸೀಮೆಸುಣ್ಣದಿಂದ ಗೆರೆ ಎಳೆದು, ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುವ ಮುದುಕನ ಹತ್ತಿರ ಒಯ್ದಳು. ಅವನು, ಮೊದಲು ಕಾಲು ಇಂಚು ಬಿಟ್ಟು ಕತ್ತರಿಸೋಣ, ಆಮೇಲೆ ನೋಡೋಣ ಎಂದ. ಕಾಲು ಇಂಚು ಬಿಟ್ಟ ಪ್ಯಾಂಟು ಮರುದಿನ ವಾಪಸು ಬರುತ್ತದೆ, ಗೆರೆಯ ಮೇಲೆಯೇ ಕತ್ತರಿಸು ಎಂದಳು ಇವಳು. ಅವನು ಗೆರೆಯ ಮೇಲೆಯೇ ಕತ್ತರಿಸಿದ.

ಆಮೇಲೆ ಗುರಿಯ ಗಾಜು. ಅದರೊಳಗೆ ನೋಡಿದರೆ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಚುಕ್ಕೆ ತಟ್ಟೆಯ ಮೇಲೆ ಕೂತಾಗ ಹೊಡೆಯುವುದು, ಅಷ್ಟೇ. ಕಣ್ಣು ಮುಚ್ಚಿ ಬಂದೂಕು ಭುಜಕ್ಕೆ ಏರಿಸಿ ಕಣ್ಣು ತೆರೆದಾಗ ಚುಕ್ಕೆ ಎದುರಿಗೇ ಇರಬೇಕು, ಹುಡುಕುವಂತಿರಬಾರದು. ಗಾಜನ್ನು ಹಿಂದೆ ಮುಂದೆ ಸರಿಸಿ ಸರಿಸಿ ಆ ಜಾಗ ಸಿಗಲು ಮೂರು ಭಾನುವಾರ ಹಿಡಿಯಿತು. ಚುಕ್ಕೆಯ ಬೆಳಕು ಹೆಚ್ಚಾದಾಗ ಅದು ಒಡೆದ ದಾಳಿಂಬೆ ಕಾಳಿನಂತೆ ಹರಡುತ್ತಿತ್ತು. ಗುಂಡುಸೂಜಿಯ ತಲೆಯಷ್ಟಾಗುವವರೆಗೆ ಇಳಿಸಿದಳು. ಕೊನೆಗೆ ಇಪ್ಪತ್ತೈದು ಮೀಟರಿನಲ್ಲಿ ಹೊಡೆದ ಐದು ಗುಂಡುಗಳೂ ಒಂದು ಕೋಟಿನ ಗುಂಡಿಯಷ್ಟು ಜಾಗದಲ್ಲಿ ಬಿದ್ದವು. ಸ್ಕ್ರೂ ಬಿಗಿದು, ಸ್ಕ್ರೂವಿನಿಂದ ಕಬ್ಬಿಣದವರೆಗೆ ಉಗುರುಬಣ್ಣದ ಒಂದು ಗೆರೆ ಎಳೆದಳು. ಸ್ಕ್ರೂ ಸರಿದರೆ ಗೆರೆ ಮುರಿಯುತ್ತದೆ, ಕೂಡಲೇ ತಿಳಿಯುತ್ತದೆ. ಸೆಪ್ಟೆಂಬರಿನ ಕೊನೆಯ ಭಾನುವಾರ ಕ್ಲಬ್ಬಿನಲ್ಲಿ ಅವಳ ಸಮಯ ಇಪ್ಪತ್ತಾರು ಸೆಕೆಂಡು.

ಬುಧವಾರ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು.

ಬಸವಂತಪ್ಪ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ನಿವೃತ್ತನಾದವನು. ಅವನ ಪೂಜೆಯಲ್ಲಿ ಯಾವ ಯಂತ್ರಕ್ಕೂ ಮೋಸವಿಲ್ಲ. ಕಾರು, ಡ್ರಿಲ್ಲು, ಹುಲ್ಲು ಕತ್ತರಿಸುವ ಮಷೀನು, ಹಿಮ ತೆಗೆಯುವ ಮಷೀನು, ಹೊಲಿಗೆ ಮಷೀನು, ಎಲ್ಲಕ್ಕೂ ವಿಭೂತಿ, ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಹೂವು. ಜಯಶೀಲಾ ತಾನೇ ಕಪಾಟು ತೆರೆದು, ಕುದುರೆಗೆ ಬೀಗ ಹಾಕಿದ್ದ ಖಾಲಿ ಬಂದೂಕನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು.

“ಹಿಡಿಗೆ ಒಂದ ಬೊಟ್ಟ ಸಾಕು. ಗಾಜ ಮಾತ್ರ ಮುಟ್ಟಬ್ಯಾಡ್ರಿ.”

“ಆತಬಿಡ, ನನಗ ಅಷ್ಟೂ ತಿಳಿಯಂಗಿಲ್ಲೇನು?”

ಒಲೆಯ ಮೇಲೆ ಹೋಳಿಗೆ ಇತ್ತು. ಅವಳು ಆ ಕಡೆ ತಿರುಗಿ ನಿಂತದ್ದು ನಾಲ್ಕು ಹೋಳಿಗೆಯಷ್ಟು ಹೊತ್ತು. ಮತ್ತೆ ನೋಡಿದಾಗ ಗಾಜಿನ ರಬ್ಬರು ಮುಚ್ಚಳ ಮುಚ್ಚಿತ್ತು. ಗಾಜು ಕೂರುವ ಕಬ್ಬಿಣದ ಮೇಲೆ ಮೂರೆಳೆ ವಿಭೂತಿ ದಪ್ಪಗೆ ಒಣಗುತ್ತಿತ್ತು. ಮುಚ್ಚಳ ಮುಚ್ಚಿದ್ದಾರಲ್ಲ, ಪುಣ್ಯ ಎಂದುಕೊಂಡಳು. ಆರತಿಯಾಯಿತು, ಬಂದೂಕು ಕಪಾಟು ಸೇರಿತು. ಶನಿವಾರದವರೆಗೆ ಅಂಗಡಿ ಬಿಡಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ, ಚಂದ್ರಹಾಸ ಇಬ್ಬರೂ ಜೊತೆಗೆ ಬಂದರು. ಕ್ಲಬ್ಬಿನಲ್ಲಿ ಮುಚ್ಚಳ ತೆಗೆದಳು. ಗಾಜಿನ ನಟ್ಟನಡುವೆ ಬೆರಳಗಲದ ಕುಂಕುಮ. ಎಣ್ಣೆಯಲ್ಲಿ ಕಲಸಿದ್ದು. ಬಟ್ಟೆಯಿಂದ ಒರೆಸಿದರೆ ಇಡೀ ಗಾಜು ಕೆಂಪಾಯಿತು. ಕೆಂಪು ಗಾಜಿನಲ್ಲಿ ಕೆಂಪು ಚುಕ್ಕೆ ಹುಡುಕುವುದು ಹೇಗೆ?

“ಏನ್ ಮಾಡೀರಿ ಇದು?”

“ಅಲ್ಲ, ಆಯುಧದ ಕಣ್ಣ ಅದು. ಹಣಿಗೆ ಹಚ್ಚಿ ಕಣ್ಣ ಬಿಟ್ರ ಹೆಂಗ?” ಎಂದ ಬಸವಂತಪ್ಪ, ತಪ್ಪೇನೂ ಮಾಡದವನ ಮುಖದಲ್ಲಿ.

ಅವಳು ವಿಭೂತಿಯನ್ನು ಉಗುರಿನಿಂದ ಕೆರೆದಳು. ಕೆಳಗೆ ಉಗುರುಬಣ್ಣದ ಗೆರೆ ಎರಡು ತುಂಡಾಗಿತ್ತು.

“ಸ್ಕ್ರೂ ಬಿಚ್ಚಿದ್ರಿ?”

“ಬುಡಕ್ಕ ವಿಭೂತಿ ಮುಟ್ಟಬೇಕಲ್ಲ. ಬಿಚ್ಚಿದೆ, ಹಚ್ಚಿದೆ, ಇದ್ದಂಗ ಕುಂದರಿಸಿದೆ. ನಿನಕಿಂತ ಬಿಗಿ ಮಾಡೀನಿ.”

“ಇದ್ದಂಗ! ಮೂರ ಭಾನುವಾರ ಕುಂತ ಮಾಡಿದ್ದು ನಾಕ ಹೋಳಿಗಿ ಬೇಯೂದ್ರಾಗ ಇದ್ದಂಗ ಕುಂದರಿಸಿದ್ರಿ! ನಾ ಎಂದರ ನಿಮ್ಮ ಫೋರ್ಕ್‌ಲಿಫ್ಟಿನ ಗಾಲಿ ಬಿಚ್ಚಿ ಅರಿಷಿಣ ಹಚ್ಚೀನೇನು?”

ಬಸವಂತಪ್ಪನಿಗೆ ಈಗ ಗಾಬರಿಯಾಯಿತು. “ನಾ ಒಳ್ಳೇದ ಆಗಲಿ ಅಂತ...”

“ಗೊತ್ತೈತ್ರಿ. ಅದಕ್ಕ ಸಿಟ್ಟ ಬರೂದು. ಕೆಟ್ಟದಾಗ್ಲಿ ಅಂತ ಮಾಡಿದ್ರ ಬೈದು ಮುಗಸ್ತಿದ್ದೆ.”

ಚಂದ್ರಹಾಸ ತನ್ನ ಬಂದೂಕು ಮುಂದೆ ಚಾಚಿದ. “ನಂದು ತಕೊಳ್ಳಿ, ಗುರಿ ಸರಿ ಉಂಟು.”

“ಅದರಾಗ ಎರಡ ಸಲ ಸೋತೀನ್ರಿ. ಮೂರನೇದ್ದು ಬ್ಯಾಡ. ನಿಮ್ಮ ಕನ್ನಡಕ ಒರಸೂ ಕಾಗದ ಇದ್ರ ಕೊಡ್ರಿ.”

ಗಾಜು ನಾಲ್ಕು ಕಾಗದಕ್ಕೆ ಶುದ್ಧವಾಯಿತು. ಪರೀಕ್ಷೆಗೆ ಮುಂಚೆ ಗುರಿ ನೋಡಿಕೊಳ್ಳಲು ಪ್ರತಿಯೊಬ್ಬರಿಗೂ ಐದು ಗುಂಡುಗಳು, ಆರನೆಯದಿಲ್ಲ. ಮೂರು ಹೊಡೆದಳು. ಮೂರೂ ಒಟ್ಟಿಗೇ ಬಿದ್ದಿದ್ದವು, ಆದರೆ ಬೀಳಬೇಕಾದಲ್ಲಿ ಅಲ್ಲ. ಗುಂಡು ಹಾರಿಸುವುದನ್ನು ಎಲ್ಲರೂ ನಿಲ್ಲಿಸಿದ ಮೇಲೆ ನಡೆದು ಹೋಗಿ, ಅಳತೆಪಟ್ಟಿ ಹಿಡಿದಳು. ಎಡಕ್ಕೆ ಆರು ಸೆಂಟಿಮೀಟರ್, ಕೆಳಗೆ ನಾಲ್ಕೂವರೆ. ಗುರಿ ಹೊಂದಿಸಲು ಗಾಜಿಗಿರುವ ತಿರುಪು ಒಂದು ಸಲ ಟಿಕ್ ಎಂದರೆ ಈ ದೂರದಲ್ಲಿ ಗುಂಡು ಮುಕ್ಕಾಲು ಸೆಂಟಿಮೀಟರ್ ಸರಿಯುತ್ತದೆ. ಬಲಕ್ಕೆ ಎಂಟು ಟಿಕ್, ಮೇಲಕ್ಕೆ ಆರು. ತುಟಿಯಲ್ಲೇ ಎಣಿಸಿ ತಿರುಗಿಸಿದಳು. ಉಳಿದ ಎರಡು ಗುಂಡು ಹೊಡೆದಳು. ಎತ್ತರ ಸರಿಬಂತು. ಎಡಕ್ಕೆ ಮಾತ್ರ, ತಿರುಪು ಎಲ್ಲೋ ಒಂದೆರಡು ಟಿಕ್ ಜಾರಿತ್ತೋ ಏನೋ, ಇನ್ನೂ ಕಿರುಬೆರಳಿನ ಅಗಲದಷ್ಟು ಉಳಿಯಿತು. ಹೊಡೆದು ನೋಡಲು ಗುಂಡು ಉಳಿದಿರಲಿಲ್ಲ, ಕಣ್ಣಂದಾಜಿನಲ್ಲಿ ತಿರುಪು ಮುಟ್ಟುವವಳಲ್ಲ ಅವಳು. ಆ ಕಿರುಬೆರಳನ್ನು ತಲೆಯಲ್ಲಿ ಇಟ್ಟುಕೊಂಡು, ಚುಕ್ಕೆಯನ್ನು ಪ್ರತಿ ತಟ್ಟೆಯಲ್ಲೂ ಅಷ್ಟು ಬಲಕ್ಕೆ ಹಿಡಿಯುವುದೆಂದು ನಿಶ್ಚಯಿಸಿದಳು.

ಮೊದಲ ಸುತ್ತು ಐದೂವರೆ ಸೆಕೆಂಡು. ಎರಡನೆಯದು ಐದು ಪಾಯಿಂಟ್ ಆರು. ಅಭ್ಯಾಸದಲ್ಲಿ ಐದರ ಆಸುಪಾಸು ಇದ್ದವಳು. ಗಾಜು ಸರಿದಿದ್ದರಿಂದ ಚುಕ್ಕೆಯನ್ನು ಪ್ರತಿಸಲ ಒಂದು ಕ್ಷಣ ಹುಡುಕಬೇಕಾಗುತ್ತಿತ್ತು. ಮೂರನೆಯದು ಐದೂವರೆ. ನಾಲ್ಕನೆಯ ಸುತ್ತಿನಲ್ಲಿ ಅವಸರ ಮಾಡಿದಳು. ಎರಡನೆಯ ತಟ್ಟೆಯ ಎಡ ಅಂಚಿಗೆ ಚುಕ್ಕೆ ಬಂದ ಕೂಡಲೇ ಹೊಡೆದಳು, ಕಿರುಬೆರಳು ಮರೆತಳು. ಗುಂಡು ಎಡಕ್ಕೆ ಹೋಯಿತು, ತಟ್ಟೆ ಮಾತಾಡಲಿಲ್ಲ. ಮುಂದಕ್ಕೆ ಹೋಗದೆ ಅಲ್ಲೇ ನಿಂತು ಮತ್ತೆ ಹೊಡೆದು, ಠಣ್ ಎನ್ನಿಸಿಯೇ ಮುಂದಿನದಕ್ಕೆ ಹೋದಳು. ಏಳು ಸೆಕೆಂಡಾಯಿತು. ನಾಲ್ಕೂ ಕೂಡಿ ಇಪ್ಪತ್ಮೂರು ಪಾಯಿಂಟ್ ಆರು. ಉಳಿದದ್ದು ಆರು ಪಾಯಿಂಟ್ ನಾಲ್ಕು ಸೆಕೆಂಡು.

ಹಿಂದೆ ಬಸವಂತಪ್ಪ ಕೈಮುಗಿದು ನಿಂತಿದ್ದ.

“ಮನಿಯವರಿಗೆ ಆ ಕಡೆ ಹೋಗಾಕ ಹೇಳ್ರಿ” ಎಂದಳು ಅವಳು, ಚಂದ್ರಹಾಸನಿಗೆ, ತಿರುಗದೆಯೇ. “ನನಗ ಬೆನ್ನಾಗ ಕಾಣಾಕತ್ತಾರ.”

ಗಂಟೆ ಬಾರಿಸಿತು. ಈ ಸಲ ಅವಸರವಿಲ್ಲ. ತಟ್ಟೆ, ಬಲಕ್ಕೆ ಕಿರುಬೆರಳು, ಠಣ್. ತಟ್ಟೆ, ಬಲಕ್ಕೆ ಕಿರುಬೆರಳು, ಠಣ್. ಐದೂ ಆದವು. ಬಂದೂಕು ಖಾಲಿ ಮಾಡಿ ತೋರಿಸಿ ಕೆಳಗಿಟ್ಟ ಮೇಲೆಯೇ ಸಮಯ ಕೇಳಿದಳು. ಆರು ಪಾಯಿಂಟ್ ಒಂದು. ಒಟ್ಟು ಇಪ್ಪತ್ತೊಂಬತ್ತು ಪಾಯಿಂಟ್ ಏಳು.

ಆ ದಿನ ಮೂವತ್ತರೊಳಗೆ ಬಂದವಳು ಅವಳೊಬ್ಬಳೇ, ತಂಡದ ಪಟ್ಟಿಯಲ್ಲಿ ಐದನೆಯ, ಕೊನೆಯ ಹೆಸರು ಅವಳದೇ ಬಿತ್ತು. ಚಂದ್ರಹಾಸ ಶಿಳ್ಳೆ ಹೊಡೆದ. ಬಸವಂತಪ್ಪ ಆಗಲೇ ಗದಗಿನ ಭಾವಮೈದುನನಿಗೆ ಫೋನು ಹಚ್ಚಿ, ಕುಂಕುಮದ ಮಹಿಮೆಯನ್ನು ವಿವರಿಸತೊಡಗಿದ್ದ. ಜಯಶೀಲಾ ಅವನ ಕೈಯಿಂದ ಫೋನು ಇಸಿದುಕೊಂಡಳು.

“ತಮ್ಮಾ, ತಂಡಕ್ಕ ಸೇರೀನಿ. ಹೂಂ, ಖುಷಿ ಐತಿ. ಆದ್ರ ಇಪ್ಪತ್ತಾರ ಆಗಬೇಕಿತ್ತೋ. ಇಪ್ಪತ್ತೊಂಬತ್ತ ಪಾಯಿಂಟ್ ಏಳ ಆತು. ಉಳದಿದ್ದು ನಿಮ್ಮ ಭಾವನ್ನ ಕೇಳು.”

ಫೋನು ಗಂಡನಿಗೆ ಕೊಟ್ಟು, ಒಂದು ಬೆಂಚಿನ ಮೇಲೆ ಕೂತು, ಗಾಜನ್ನು ಮತ್ತೆ ಅದರ ಜಾಗಕ್ಕೆ ಕೂರಿಸಲು ಸ್ಕ್ರೂ ಬಿಚ್ಚತೊಡಗಿದಳು.