ನಡುವಿನ ಬೋರ್ಡು

ಬೀರುವಿನ ಮೇಲಿದ್ದ ಸಣ್ಣ ರೇಡಿಯೊ ಇದ್ದಕ್ಕಿದ್ದಂತೆ ಕುಯ್ಯೆಂದು ಒಂದೇ ಎಳೆಯ ದನಿ ಹಿಡಿಯಿತು. ಅದುವರೆಗೆ ಬಿಸಿ ಮರಳಿನಲ್ಲಿ ಕಾಳು ಹುರಿದಂತೆ ಚಟಪಟ ಎನ್ನುತ್ತಿತ್ತು.

"ನಿಂತ್ಹೋಯ್ತು ಸಾರ್," ಎಂದಳು ಅವಳು, ತಲೆಯೆತ್ತದೆ.

ಆ ರೇಡಿಯೊವನ್ನು ಯಾವ ಸ್ಟೇಷನ್ನಿಗೂ ತಿರುಗಿಸಿರಲಿಲ್ಲ. ಯಂತ್ರ ಲೆಕ್ಕ ಮಾಡುವಾಗ ಹೊಮ್ಮುವ ಗದ್ದಲವನ್ನು ಅದು ಹಿಡಿಯುತ್ತಿತ್ತು. ರೇಡಿಯೊ ರಿಪೇರಿಯವನ ಮಗಳಾದ್ದರಿಂದ ಅವಳಿಗೆ ಚಿಕ್ಕಂದಿನಿಂದಲೂ ಗೊರಗೊರದ ಭಾಷೆ ಗೊತ್ತಿತ್ತು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಕಿವಿ ಮೇಡಂ.

ಯಂತ್ರವೆಂದರೆ ಮಳೆ-ಗಾಳಿಯ ಮುನ್ಸೂಚನೆಗೆಂದು ಕಟ್ಟಿದ ಕಂಪ್ಯೂಟರು: ಒಂದು ಬೀರು, ಒಳಗೆ ನಾಲ್ಕು ಸಾಲಿನಲ್ಲಿ ಹದಿನಾರು ಬೋರ್ಡು. ಒಂದೊಂದು ಬೋರ್ಡಿಗೂ ಆಕಾಶದ ಒಂದೊಂದು ತುಂಡು. ಅಲ್ಲಿಯ ಗಾಳಿ, ಶಾಖಗಳ ಲೆಕ್ಕ ಅದರದು. ಲೆಕ್ಕ ಮುಂದೆ ಸಾಗಬೇಕಾದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪಬೇಕು. ಆದರೆ ಪ್ರತಿ ಬೋರ್ಡಿಗೂ ತಂತಿ ಸಿಕ್ಕಿಸಲು ಇದ್ದದ್ದು ನಾಲ್ಕೇ ತೂತು. ಹಾಗಾಗಿ ಅಕ್ಕಪಕ್ಕ, ಮೇಲೆ ಕೆಳಗೆ ಇರುವವರೊಡನೆ ಮಾತ್ರ ನೇರ ಮಾತು. ದೂರದವರಿಗೆ ಕೈಯಿಂದ ಕೈಗೆ ದಾಟಿಸಬೇಕು. ಒಂದು ಮೂಲೆಯಿಂದ ಎದುರು ಮೂಲೆಗೆ ಹೊರಟ ಸುದ್ದಿಯೆಲ್ಲ ನಡುವಿನ ಬೋರ್ಡುಗಳ ಮೇಲೆ ಹಾದುಹೋಗುತ್ತಿತ್ತು. ಅವುಗಳಿಗೆ ಸ್ವಂತ ಲೆಕ್ಕಕ್ಕೆ ಪುರಸೊತ್ತಿಲ್ಲ. ಕೊನೆಗೆ ಒಂದರ ಕೈ ಖಾಲಿಯಾಗಲೆಂದು ಇನ್ನೊಂದು ಕಾಯುತ್ತ, ಎಲ್ಲವೂ ನಿಂತುಬಿಡುತ್ತಿದ್ದವು.

ಮೇಜಿನ ಮೇಲಿನ ಎರಡು ಫೋನುಗಳಲ್ಲೊಂದು ಬಡಿದುಕೊಂಡಿತು. ಅಣ್ಣ.

"ಆ ನಿನ್ನ ತಂಗಿಗೆ ಹೇಳು, ಎಂಬತ್ತು ದಾಟಿದ ಜೀವವನ್ನ ಕತ್ತರಿ ಬಾಯಿಗೆ ಕೊಡೋಕೆ ನಾನಂತೂ ಒಪ್ಪಲ್ಲ ಅಂತ."

"ಹೇಳ್ತೀನಿ ಅಣ್ಣ."

ಇವಳ ಮನೆಯಲ್ಲೇ ಇದ್ದ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಮಾಡಿದರೆ ಎದೆ ತಡೆಯುತ್ತದೋ ಇಲ್ಲವೋ, ಮಾಡದಿದ್ದರೆ ಮತ್ತೆ ಏಳುವುದಿಲ್ಲ. ಮಕ್ಕಳು ಮೂವರೂ ಸೇರಿ ಇವತ್ತು ಸಂಜೆಯೊಳಗೆ ಒಂದೇ ಮಾತು ಹೇಳಿ ಎಂದಿದ್ದರು ಡಾಕ್ಟರು. ಅಣ್ಣ ಒಂದೂರಲ್ಲಿ, ತಂಗಿ ಇನ್ನೊಂದೂರಲ್ಲಿ. ಇಬ್ಬರ ನಡುವೆ ಮಾತು ಮುರಿದು ವರ್ಷಗಳಾಗಿದ್ದವು. ಯಾವ ಮಾತಿಗೆ ಮುರಿದದ್ದೆಂದು ಈಗ ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ; ಹಟ ಮಾತ್ರ ನೆನಪಿತ್ತು.

ಅವಳು ತಂಗಿಗೆ ಫೋನು ಮಾಡಿದಳು. "ಅಣ್ಣನಿಗೆ ಸ್ವಲ್ಪ ಯೋಚನೆಯಂತೆ."

"ಯೋಚನೆ ಮಾಡ್ತಾ ಕೂತಿರಲಿ! ಹಾಸಿಗೆ ಹಿಡಿದೋರನ್ನ ಮಗ್ಗುಲು ಬದಲಾಯಿಸೋಕೆ ದಿನಾ ಅವನು ಬರ್ತಾನಾ? ಕೇಳಕ್ಕ ಅವನನ್ನ."

ಅವಳು ಅಣ್ಣನಿಗೆ ಮಾಡಿದಳು. "ಆಮೇಲೆ ನೋಡ್ಕೊಳ್ಳೋದು ಕಷ್ಟ ಅಂತಾಳೆ."

ಇಬ್ಬರ ಮಾತಿನ ಮುಳ್ಳು ತೆಗೆದೇ ದಾಟಿಸುತ್ತಿದ್ದಳು. ಮುಳ್ಳಿನ ಜೊತೆ ಮೀನೂ ಉದುರಿಹೋಗುತ್ತಿತ್ತು. ಬೆಳಗಿನಿಂದ ಹೀಗೇ. ನೀನೇನಂತೀಯ ಎಂದು ಇಬ್ಬರೂ ಕೇಳಿರಲಿಲ್ಲ. ಕೇಳಿದ್ದರೂ ಹೇಳಲು ಅವಳೊಳಗೆ ಏನೂ ಇರಲಿಲ್ಲ. ಚಹಾದ ಮೇಲೆ ಕೆನೆಗಟ್ಟಿದ್ದನ್ನು ಸುಮ್ಮನೆ ನೋಡಿದಳು. ಅದು ಕೆನೆ ಎಂದಷ್ಟೇ ಅನಿಸಿತು.

"ನೀವೇನಮ್ಮ, ಟೆಲಿಫೋನ್ ಎಕ್ಸ್‌ಚೇಂಜಾ?" ಎಂದರು ಸಾರ್. ಯಂತ್ರವನ್ನು ಕಟ್ಟಿದವರು ಅವರೇ. "ನಡುವಿನ ಬೋರ್ಡುಗಳು ಮತ್ತೆ ಕೆಟ್ಟಿರಬೇಕು. ಬದಲಾಯಿಸೋಣ."

"ಎರಡು ಸಲ ಬದಲಾಯಿಸಿದ್ವಲ್ಲ ಸಾರ್. ಹೊಸವೂ ಅಲ್ಲೇ ನಿಲ್ತಾವೆ."

ಬೀರುವಿನ ಹಿಂದೆ ಹೋಗಿ ಕೂತಳು. ತಂತಿಗಳೆಲ್ಲ ಗೇಣುದ್ದ, ಬಾಚಿ ಹೆಣೆದ ಜಡೆಯಂತೆ ನೀಟು. ಉದ್ದ ತಂತಿಗೆ ಒಮ್ಮೆ ಯಾರದೋ ಕಾಲು ಸಿಕ್ಕಿ ವಾರದ ಲೆಕ್ಕ ಮಣ್ಣುಪಾಲಾದಂದಿನಿಂದ, ಗೇಣಿಗಿಂತ ಉದ್ದದ್ದು ಕೂಡದು ಎನ್ನುವುದು ಸಾರ್ ಮಾಡಿದ ಕಟ್ಟಳೆ. ಅಂಚಿನ ಬೋರ್ಡುಗಳಿಗೆ ಹೊರಮಗ್ಗುಲಲ್ಲಿ ನೆರೆಯವರಿಲ್ಲ; ಆ ತೂತುಗಳು ಖಾಲಿ. ಧೂಳು ಕೂರದಿರಲೆಂದು ಅವಳೇ ಒಂದೊಂದಕ್ಕೂ ಹಳದಿ ಟೇಪು ಅಂಟಿಸಿದ್ದಳು. ದಿನವೂ ಅದನ್ನು ನೋಡುತ್ತಿದ್ದಳು.

"ಯಾವುದೂ ಕೆಟ್ಟಿಲ್ಲ ಸಾರ್," ಎಂದಳು ಅಲ್ಲಿಂದಲೇ. "ಎಲ್ಲರ ಮಾತೂ ನಡುವಿನವುಗಳ ತಲೆ ಮೇಲೇ ಹಾಯ್ತಾ ಇದೆ. ಈ ಅಂಚನ್ನ ಆ ಅಂಚಿಗೆ ನೇರ ಕಟ್ಟಿಬಿಡೋಣ."

"ಅಷ್ಟುದ್ದ ತಂತಿನಾ? ಬೀರು ಬಟ್ಟೆ ಒಣಗಿಸೋ ಹಿತ್ತಲಾಗುತ್ತೆ ಕಣಮ್ಮ!"

"ಆಗ್ಲಿ."

ಸಾರ್ ಗೊಣಗುತ್ತಲೇ ತಂತಿ ಕತ್ತರಿಸಿ ಕೊಟ್ಟರು. ಅವಳು ಟೇಪು ಕಿತ್ತು ಕಿತ್ತು ಮುಂಗೈಗೆ ಅಂಟಿಸಿಕೊಳ್ಳುತ್ತ ಎಡದಂಚನ್ನು ಬಲಕ್ಕೂ ಮೇಲಿನದನ್ನು ಕೆಳಕ್ಕೂ ಜೋಡಿಸಿದಳು. ಯಾವ ಸುದ್ದಿ ಯಾವ ದಾರಿ ಹಿಡಿಯಬೇಕೆಂಬುದನ್ನು ಇಬ್ಬರೂ ಕೂತು ತಿದ್ದಿದರು. ಮಧ್ಯಾಹ್ನ ಜಾರಿತ್ತು. ಗುಂಡಿ ಒತ್ತಿದಾಗ ರೇಡಿಯೊ ಮೊದಲು ಕೆಮ್ಮಿತು, ಆಮೇಲೆ ಹುರಿಯತೊಡಗಿತು. ಯಾವಾಗಲೂ ಕಟ್ಟಿಕೊಳ್ಳುತ್ತಿದ್ದ ಜಾಗ ಬಂತು, ದಾಟಿತು.

"ದಾಟ್ತು! ದಾಟ್ತು ಕಣ್ರೀ!" ಸಾರ್ ಬೀರುವಿನ ಬೆನ್ನು ತಟ್ಟಿದರು.

"ಇನ್ನೂ ನಿಧಾನವೇ ಸಾರ್. ತೂತು ನಾಲ್ಕೇ ಅಲ್ವಾ?" ಎಂದಳು. ಖುಷಿಯಾಗಬೇಕಿತ್ತು ಎಂಬುದು ಹೊಳೆಯಿತು, ಅಷ್ಟೇ.

ಫೋನು ಬಡಿಯಿತು. "ಹೇಳಿದೆಯಾ ಅವಳಿಗೆ?" ಅಣ್ಣ. ಅಷ್ಟರಲ್ಲಿ ಪಕ್ಕದ ಫೋನೂ ಬಡಿಯಿತು. "ಅಕ್ಕ, ಅವನಿಗೆ ಹೇಳು..."

"ನೀನೇ ಹೇಳು," ಎಂದಳು ತಂಗಿಗೆ. "ಸ್ವಲ್ಪ ಜೋರಾಗಿ ಮಾತಾಡು. ನೀನೂ ಅಣ್ಣ."

ಒಂದು ರಿಸೀವರನ್ನು ತಲೆಕೆಳಗು ಮಾಡಿ, ಇದರ ಕಿವಿಗೆ ಅದರ ಬಾಯಿ, ಅದರ ಕಿವಿಗೆ ಇದರ ಬಾಯಿ ಬರುವಂತೆ ಒತ್ತಿಟ್ಟಳು. ಮುಂಗೈಯ ಹಳದಿ ಟೇಪು ಬಿಡಿಸಿ ಎರಡನ್ನೂ ಸೇರಿಸಿ ಸುತ್ತಿದಳು. ಸಾರ್ ಬಾಯಿ ತೆರೆದು ನೋಡುತ್ತಿದ್ದರು.

"ಹಲೋ? ಯಾರದು?" ಸೊಳ್ಳೆಯಷ್ಟು ಸಣ್ಣಗೆ ಅಣ್ಣನ ದನಿ.

"...ನಾನು."

ಆಮೇಲೆ, "ಊಟ ಆಯ್ತಾ?"

"ಇಲ್ಲ. ನಿಂದು?"

"ಎಲ್ಲಿಂದ ಊಟ. ಅಮ್ಮ ಆಪರೇಷನ್ ಮೇಜಿನ ಮೇಲೇ ಹೋಗ್ಬಿಟ್ರೆ ಅಂತ ಭಯ ಕಣೇ ನಂಗೆ."

"ಏನೂ ಮಾಡದೆ ಬಿಟ್ರೆ ಅಂತ ನಂಗೆ ಭಯ."

ಇಷ್ಟು ಹೊತ್ತು ಅವಳು ದಾಟಿಸಿದ್ದರಲ್ಲಿ ಭಯ ಎಂಬ ಮಾತು ಇರಲೇ ಇಲ್ಲ. ಅವಳು ಚೀಲ ಹೆಗಲಿಗೇರಿಸಿದಳು. ಆಸ್ಪತ್ರೆಯಲ್ಲಿ ಅಮ್ಮ ಒಬ್ಬಳೇ ಇದ್ದಳು.

"ರೀ, ಎಲ್ಲಿಗೆ? ಅವರಿನ್ನೂ ಮಾತಾಡ್ತಿದಾರೆ," ಎಂದರು ಸಾರ್ ದನಿ ತಗ್ಗಿಸಿ. "ಮೂವರ ಮಾತೂ ಬೇಕು ಅಂದಿದ್ರಲ್ಲ ಡಾಕ್ಟರು? ನಿಮಗೇನನ್ಸುತ್ತೆ?"

ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಮೊದಲು ಅಮ್ಮನ್ನ ನೋಡ್ಬೇಕು ಸಾರ್," ಎಂದಳು. ಹಿಂದಿನಿಂದ ಸಣ್ಣ ದನಿಗಳೆರಡೂ ಒಟ್ಟಿಗೇ "ಅಕ್ಕಾ?" "ಇದೀಯೇನೇ?" ಎಂದು ಕೂಗತೊಡಗಿದಾಗ ಅವಳು ಮೆಟ್ಟಿಲಿಳಿಯುತ್ತಿದ್ದಳು.